ಕಾಲೇಜು ಕಿರುಚಿತ್ರ: ಕ್ಯಾಮೆರಾಕ್ಕೂ ಮೊದಲು ಕಿವಿಯ ಕೆಲಸ

ಬೆಂಗಳೂರಿನ ಕಾಲೇಜುಗಳ ಸೆಮಿನಾರ್ ಹಾಲ್‌ಗಳಲ್ಲಿ ವಿದ್ಯಾರ್ಥಿಗಳ ಕಿರುಚಿತ್ರ ಪ್ರದರ್ಶನ ನಡೆಯುವಾಗ ಹಿಂದಿನ ಸಾಲುಗಳಿಂದ ಪದೇ ಪದೇ ಕೇಳಿಬರುವ ಮಾತು ಒಂದೇ: "ಏನಂದ ಅವನು?" ಪಕ್ಕದವರು ಊಹಿಸಿ ಏನೋ ಹೇಳುತ್ತಾರೆ, ಅಷ್ಟರಲ್ಲಿ ಮುಂದಿನ ಮಾತೂ ತಪ್ಪಿಹೋಗುತ್ತದೆ, ಮೂರನೆಯ ನಿಮಿಷಕ್ಕೆ ಮೊಬೈಲ್ ಜೇಬಿನಿಂದ ಹೊರಬರುತ್ತದೆ. ದೃಶ್ಯ ಕೊಂಚ ಮಸುಕಾಗಿದ್ದರೆ ಅಥವಾ ಕ್ಯಾಮೆರಾ ಸ್ವಲ್ಪ ಅಲುಗಿದರೆ ನೋಡುಗರು ಸಹಿಸಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಸಹಿಸುವುದಿಲ್ಲ. ಆದರೂ ತಂಡದ ಬಾಡಿಗೆ ಹಣವೆಲ್ಲ ಲೆನ್ಸಿಗೆ ಸಂದು, ಶಬ್ದದ ಪಾಲಿಗೆ ಕ್ಯಾಮೆರಾದೊಳಗಿನ ಪುಟ್ಟ ಮೈಕು ಮಾತ್ರ ಉಳಿಯುವುದನ್ನು ವರ್ಷವರ್ಷವೂ ಕಾಣುತ್ತೇವೆ.

ಪ್ರೇಕ್ಷಕರ ಅಧ್ಯಯನಕ್ಕೂ ಇದೇ ಗತಿ. ಪ್ರಾಜೆಕ್ಟ್ ವರದಿಯಲ್ಲಿ ಒಂದು ಅಧ್ಯಾಯ ಬೇಕೆಂಬ ಕಾರಣಕ್ಕೆ, ಚಿತ್ರೀಕರಣ ಮುಗಿದ ಮೇಲೆ, ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಗೂಗಲ್ ಫಾರ್ಮ್ ಕಳಿಸಿ ಅದನ್ನು ಮುಗಿಸಲಾಗುತ್ತದೆ. ನಾನು ಇಲ್ಲಿ ವಿವರಿಸುವ ಕ್ರಮದಲ್ಲಿ ಇವೆರಡೂ ಬೇರೆಬೇರೆ ಕೆಲಸಗಳಲ್ಲ. ನಿಮ್ಮ ನೋಡುಗರು ಯಾವ ಜಾಗದಲ್ಲಿ, ಯಾವ ಸ್ಪೀಕರಿನಲ್ಲಿ, ಯಾವ ನೆನಪುಗಳನ್ನು ಇಟ್ಟುಕೊಂಡು ನಿಮ್ಮ ಚಿತ್ರವನ್ನು ಕೇಳುತ್ತಾರೆ ಎಂಬುದನ್ನು ಚಿತ್ರಕಥೆ ಇನ್ನೂ ಕಾಗದದ ಮೇಲಿರುವಾಗಲೇ ಕಂಡುಕೊಳ್ಳುವುದು ಇದರ ತಿರುಳು.

ವಿವರಣೆಗೆ ಅನುಕೂಲವಾಗಲೆಂದು ಒಂದು ಕಲ್ಪಿತ ಕಥೆಯನ್ನು ಕೊನೆಯವರೆಗೂ ಜೊತೆಗಿಟ್ಟುಕೊಳ್ಳೋಣ. ಎಂಟು ನಿಮಿಷದ ಚಿತ್ರ. ಹನುಮಂತನಗರದ ಒಂದು ಮನೆ. ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿಗೆ ವಯಸ್ಸಾಗಿ ಕಿವಿ ಮಂದವಾಗುತ್ತಿದೆ. ಅವರ ಹಳೆಯ ಸೀಟಿ ಮೊಮ್ಮಗಳ ಕೈಗೆ ಸಿಗುತ್ತದೆ.

ಹಂತ 1: ಯಾರು, ಎಲ್ಲಿ, ಯಾವುದರಲ್ಲಿ

"ನಮ್ಮ ಚಿತ್ರ ಎಲ್ಲರಿಗೂ" ಎಂದು ಬರೆದ ತಂಡಕ್ಕೆ ಒಂದೂ ನಿರ್ಧಾರ ಕೈಗೆ ಹತ್ತುವುದಿಲ್ಲ. ಪ್ರೇಕ್ಷಕರನ್ನು ಒಂದೇ ವಾಕ್ಯದಲ್ಲಿ, ಆದರೆ ಮೂರು ಸಂಗತಿಗಳೊಂದಿಗೆ ಬರೆಯಿರಿ: ಅವರು ಯಾರು, ಎಲ್ಲಿ ಕುಳಿತು ನೋಡುತ್ತಾರೆ, ಶಬ್ದ ಅವರನ್ನು ಯಾವುದರ ಮೂಲಕ ತಲುಪುತ್ತದೆ. ನಮ್ಮ ಕಥೆಗೆ ಹೀಗೆ ಬರೆಯಬಹುದು: "ಅಜ್ಜ-ಅಜ್ಜಿಯರೊಂದಿಗೆ ಒಂದೇ ಮನೆಯಲ್ಲಿರುವ, ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನ, ಬಸ್ಸಿನಲ್ಲೋ ಮೆಟ್ರೊದಲ್ಲೋ ಕುಳಿತು ಮೊಬೈಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನೋಡುವವರು, ಎರಡನೆಯದಾಗಿ, ಕಾಲೇಜಿನ ಸಭಾಂಗಣದಲ್ಲಿ ಕುಳಿತ ಅವರ ತಂದೆತಾಯಂದಿರು."

ಈ ವಾಕ್ಯದಿಂದ ಕೂಡಲೇ ಕೆಲವು ತೀರ್ಮಾನಗಳು ಹೊರಡುತ್ತವೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಕೆಳಸ್ವರಗಳನ್ನು ನುಡಿಸುವ ಶಕ್ತಿಯಿಲ್ಲ. ಹಳೆಯ ಬಸ್ಸಿನ ಎಂಜಿನ್ನಿನ ಗುಡುಗು ನಿಮ್ಮ ಎಡಿಟಿಂಗ್ ಹೆಡ್‌ಫೋನಿನಲ್ಲಿ ಎದೆಗೆ ತಾಗುವಂತಿದ್ದರೂ ಇಯರ್‌ಫೋನ್ ಇಲ್ಲದವರ ಮೊಬೈಲಿನಲ್ಲಿ ಅದು ಬಹುಮಟ್ಟಿಗೆ ಇಲ್ಲವಾಗುತ್ತದೆ. ಆ ಗುಡುಗನ್ನೇ ನಂಬಿ ಕೂರದೆ ಅದರ ಜೊತೆಗೆ ಕಿಟಕಿಯ ಗಾಜುಗಳ ಗಡಗಡ, ಬಾಗಿಲಿನ ಕಿರುಗುಟ್ಟುವಿಕೆ, ಕಂಬಿಯ ಮೇಲೆ ಟಿಕೆಟ್ ಪಂಚು ಬಡಿಯುವ ಟಕಟಕ ಇವುಗಳನ್ನೂ ಕೂಡಿಸಿದರೆ ಬಸ್ಸು ಮೊಬೈಲಿನಲ್ಲೂ ಬಸ್ಸಾಗಿಯೇ ಉಳಿಯುತ್ತದೆ. ಸೆಮಿನಾರ್ ಹಾಲಿನ ತೊಂದರೆ ಬೇರೆ ಬಗೆಯದು. ಬರಿಯ ಗೋಡೆ, ಗ್ರಾನೈಟ್ ನೆಲ, ಗಾಜಿನ ಕಿಟಕಿಗಳ ನಡುವೆ ಶಬ್ದ ಮರಳಿ ಮರಳಿ ಪುಟಿಯುತ್ತದೆ. ಸ್ವರಗಳು ಉದ್ದವಾಗಿ ಚಾಚಿಕೊಂಡು ವ್ಯಂಜನಗಳನ್ನು ಮುಚ್ಚಿಹಾಕುತ್ತವೆ. ಅಲ್ಲಿ ಮಾತಿನ ಹಿಂದೆ ಸಂಗೀತವನ್ನೂ ದಟ್ಟವಾಗಿ ತುಂಬಿದರೆ ಉಳಿಯುವುದು ಗದ್ದಲ ಮಾತ್ರ.

ಹಂತ 2: ಹದಿನೈದು ಜನರ ಜೊತೆ ಮಾತು, ಆರು ಸದ್ದುಗಳ ಪರೀಕ್ಷೆ

ಫಾರ್ಮ್ ಬೇಡವೆಂದಲ್ಲ, ಆದರೆ ಅದು ಮೊದಲ ಕೆಲಸವಲ್ಲ. ಮೊದಲು ಹನ್ನೆರಡರಿಂದ ಹದಿನೈದು ಜನರನ್ನು ಎದುರುಕುಳಿತು ಮಾತನಾಡಿಸಿ. ಅವರಲ್ಲಿ ನಿಮ್ಮ ತರಗತಿಯವರು ಇಬ್ಬರಿಗಿಂತ ಹೆಚ್ಚಿರಬಾರದು. ನಮ್ಮ ಕಥೆಗಾದರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ, ಗಾಂಧಿ ಬಜಾರಿನ ಹೋಟೆಲಿನ ಕಟ್ಟೆ, ಸಂಜೆ ಪಾರ್ಕಿನ ಬೆಂಚುಗಳು, ಕಾಲೇಜಿನ ಕ್ಯಾಂಟೀನು ಇವೇ ಸರಿಯಾದ ಜಾಗಗಳು. ಹಿರಿಯರ ಬಳಿ ಹೋಗುವಾಗ ಕ್ಯಾಮೆರಾ ಹಿಡಿದು ಹೋಗದಿರಿ, "ಸರ್, ಕಾಲೇಜಿನ ಕೆಲಸಕ್ಕೆ ಹತ್ತು ನಿಮಿಷ ಮಾತಾಡಬಹುದಾ?" ಎಂದು ಕೇಳಿ, ಮಾತನ್ನು ರೆಕಾರ್ಡ್ ಮಾಡುವುದಾದರೆ ಮೊದಲೇ ಒಪ್ಪಿಗೆ ಪಡೆದು, ಅವರ ದನಿಯನ್ನು ಚಿತ್ರದಲ್ಲಿ ಬಳಸುವುದಿಲ್ಲವೆಂಬುದನ್ನೂ ತಿಳಿಸಿ. ಬಳಸುವ ಆಸೆ ಹುಟ್ಟಿದರೆ ಮತ್ತೆ ಹೋಗಿ ಬರವಣಿಗೆಯಲ್ಲಿ ಒಪ್ಪಿಗೆ ತರಬೇಕು.

"ಇಂಥ ಕಥೆಯ ಚಿತ್ರ ಮಾಡಿದರೆ ನೋಡುತ್ತೀರಾ?" ಎಂಬ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ, ನಮ್ಮ ಜನ ಸೌಜನ್ಯದಿಂದ ಹೌದೆನ್ನುತ್ತಾರೆ. ನಡೆದದ್ದನ್ನು ಕೇಳಿ. ಕೊನೆಯ ಬಾರಿ ಕಿರುಚಿತ್ರ ನೋಡಿದ್ದು ಎಲ್ಲಿ ಕುಳಿತು? ಪೂರ್ತಿ ನೋಡಿದಿರಾ, ನಡುವೆ ಬಿಟ್ಟಿರಾ, ಬಿಟ್ಟಿದ್ದರೆ ಆಗ ಪರದೆಯ ಮೇಲೆ ಏನಿತ್ತು? ಮನೆಯಲ್ಲಿ ಕಿವಿ ಮಂದವಾದವರಿದ್ದರೆ ಅವರೊಂದಿಗೆ ಊಟದ ಹೊತ್ತಿನಲ್ಲಿ ಮಾತು ಹೇಗೆ ನಡೆಯುತ್ತದೆ? ಇಂಥ ಪ್ರಶ್ನೆಗಳಿಗೆ ಬರುವ ಉತ್ತರಗಳಲ್ಲಿ ಅಭಿಪ್ರಾಯಕ್ಕಿಂತ ಹೆಚ್ಚಾಗಿ ಸನ್ನಿವೇಶಗಳಿರುತ್ತವೆ, ಮತ್ತು ಚಿತ್ರಕಥೆಗೆ ಬೇಕಾದದ್ದು ಅವೇ. ಮಾತಿನ ಬಳಕೆಯನ್ನೂ ಗುರುತು ಹಾಕಿಕೊಳ್ಳಿ. ಬಿಎಂಟಿಸಿ 1997ರಲ್ಲಿ ಪ್ರತ್ಯೇಕ ನಿಗಮವಾಯಿತು. ಅದಕ್ಕೂ ಹಿಂದೆ ಕೆಲಸಕ್ಕೆ ಸೇರಿದವರ ಬಾಯಲ್ಲಿ ಇಂದಿಗೂ "ಬಿಟಿಎಸ್ (ಬೆಂಗಳೂರು ಸಾರಿಗೆ ಸೇವೆ) ಬಸ್ಸು" ಎಂಬ ಹಳೆಯ ಹೆಸರೇ ಬರುತ್ತದೆ. ಕಂಡಕ್ಟರರ "ಹೋಲ್ಡಾನ್", "ರೈಟ್ ರೈಟ್" ಕೂಗುಗಳನ್ನು ಮೆಟ್ರೊದಲ್ಲೇ ಓಡಾಡಿ ಬೆಳೆದ ಹುಡುಗಿಯೊಬ್ಬಳು ಗುರುತಿಸುತ್ತಾಳೆಯೇ ಎಂಬುದನ್ನು ನೀವು ಊಹಿಸಬೇಕಾಗಿಲ್ಲ, ಕೇಳಿಸಿ ನೋಡಬಹುದು.

ಕೇಳಿಸಿ ನೋಡುವ ಈ ಪರೀಕ್ಷೆಯೇ ಅಧ್ಯಯನದ ಬಹುಮುಖ್ಯ ಭಾಗ. ನಿಮ್ಮ ಚಿತ್ರದಲ್ಲಿ ಅರ್ಥ ಹೊರಬೇಕಾದ ಆರು ಸದ್ದುಗಳನ್ನು ಆರಿಸಿ, ತಲಾ ಹತ್ತು ಸೆಕೆಂಡಿನಷ್ಟು ಮೊಬೈಲಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಏನೆಂದು ಹೇಳದೆ ಒಂದೊಂದನ್ನೇ ಕೇಳಿಸಿ, ಮೂರು ಉತ್ತರಗಳನ್ನು ಬರೆದುಕೊಳ್ಳಿ: ಇದು ಏನು, ಎಲ್ಲಿ ಕೇಳಿದ್ದೀರಿ, ಕೇಳಿದ ಕೂಡಲೇ ಏನು ನೆನಪಾಯಿತು. ಕಂಡಕ್ಟರರ ಸೀಟಿಯನ್ನೇ ತೆಗೆದುಕೊಳ್ಳಿ. ದೃಶ್ಯವಿಲ್ಲದೆ ಕೇಳಿದರೆ ಅದು ಟ್ರಾಫಿಕ್ ಪೊಲೀಸರದ್ದೂ ಆಗಬಹುದು, ಶಾಲೆಯ ಪಿ.ಟಿ. ಮೇಷ್ಟ್ರದ್ದೂ ಆಗಬಹುದು, ರಾತ್ರಿ ಬೀದಿ ಸುತ್ತುವ ಗೂರ್ಖಾನದ್ದೂ ಆಗಬಹುದು. ಹಾಗೆಂದು ಕೇಳುಗರು ಹೇಳಿದರೆ ಸೀಟಿಯನ್ನು ಕೈಬಿಡಬೇಕಾಗಿಲ್ಲ. ಚಿತ್ರದ ಮೊದಲ ನಿಮಿಷದಲ್ಲೇ ಸೀಟಿಯನ್ನೂ ಬಸ್ಸನ್ನೂ ಒಟ್ಟಿಗೆ ತೋರಿಸಿ, ಆಮೇಲೆ ಬರಿಯ ಸದ್ದನ್ನು ಸ್ವತಂತ್ರವಾಗಿ ಬಿಡಬೇಕು ಎಂದಷ್ಟೇ ಅದರ ಅರ್ಥ. ಗೂರ್ಖಾ ಎಂದು ತಪ್ಪಾಗಿ ಕೇಳಿದವರೇ ಒಂದು ಒಳ್ಳೆಯ ದೃಶ್ಯವನ್ನೂ ಕೊಟ್ಟಿರುತ್ತಾರೆ: ನಡುರಾತ್ರಿ ಬೀದಿಯಲ್ಲಿ ಸೀಟಿ ಕೇಳಿ ಮೊಮ್ಮಗಳು ಅಜ್ಜನೇ ಎದ್ದು ಹೋದರೆಂದು ಗಾಬರಿಯಾಗುವುದು.

ಉತ್ತರಗಳನ್ನು ಓದುವಾಗ ಎರಡು ಎಚ್ಚರಿಕೆ. ಹದಿನೈದು ಜನರನ್ನು ಮಾತನಾಡಿಸಿ ವರದಿಯಲ್ಲಿ "ಶೇ. 60ರಷ್ಟು ಪ್ರೇಕ್ಷಕರು" ಎಂದು ಬರೆಯುವುದು ನಗೆಪಾಟಲು, "ಹದಿನೈದರಲ್ಲಿ ಒಂಬತ್ತು ಮಂದಿ" ಎಂದೇ ಬರೆಯಿರಿ, ಮತ್ತೆ ಮತ್ತೆ ಬಂದ ಮಾತಿಗೆ ಮಾತ್ರ ಬೆಲೆ ಕೊಡಿ. ಎರಡನೆಯದು, ಕಥೆಯ ಅಂತ್ಯವನ್ನು ಮತಕ್ಕೆ ಹಾಕಬೇಡಿ. ನೋಡುಗರಿಗೆ ಎಲ್ಲಿ ತಿಳಿಯಲಿಲ್ಲ, ಎಲ್ಲಿ ಬೇಸರವಾಯಿತು ಎಂಬುದನ್ನು ಅವರು ಹೇಳಬಲ್ಲರು. ಅದನ್ನು ಹೇಗೆ ಸರಿಪಡಿಸಬೇಕೆಂಬುದು ನಿಮ್ಮ ಕೆಲಸ.

ಭಾಷೆಯ ವಿಷಯವನ್ನೂ ಈ ಹಂತದಲ್ಲೇ ತೀರ್ಮಾನಿಸಿ. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ನಿಮ್ಮ ಸಭಾಂಗಣದಲ್ಲೂ ತೆಲುಗು, ತಮಿಳು, ಉರ್ದು, ಹಿಂದಿ ಮನೆಮಾತಿನವರು ಇರುತ್ತಾರೆ, ಅವರಲ್ಲಿ ಬಹಳಷ್ಟು ಮಂದಿಗೆ ಕನ್ನಡ ಕಿವಿಗೆ ತಿಳಿಯುತ್ತದೆ, ಆದರೆ ವೇಗದ ಮಾತು ತಿಳಿಯುವುದಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಬೇಕೇ, ಸಂಭಾಷಣೆಯನ್ನೇ ತಗ್ಗಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದ ಬರಬೇಕು.

ಹಂತ 3: ಶಬ್ದದ ಚಿತ್ರಕಥೆ

ಚಿತ್ರಕಥೆಯ ಪಕ್ಕದಲ್ಲಿ ಇನ್ನೊಂದು ಹಾಳೆ ಇಟ್ಟು ಪ್ರತಿ ದೃಶ್ಯಕ್ಕೂ ನಾಲ್ಕು ವಿಷಯ ಬರೆಯಿರಿ: ಏನೇನು ಕೇಳಿಸುತ್ತದೆ; ಯಾರ ಕಿವಿಯಿಂದ ಕೇಳಿಸುತ್ತದೆ; ಅದನ್ನು ಚಿತ್ರೀಕರಣದ ಹೊತ್ತಿನಲ್ಲೇ ಹಿಡಿಯಬೇಕೇ ಅಥವಾ ಆಮೇಲೆ ಮಾಡಬಹುದೇ; ಯಾವ ಸದ್ದು ಯಾವ ಗಳಿಗೆಯಲ್ಲಿ ನಿಲ್ಲಬೇಕು. ನಾಲ್ಕನೆಯದನ್ನು ಬಹಳ ತಂಡಗಳು ಬರೆಯುವುದೇ ಇಲ್ಲ. ಫ್ಯಾನಿನ ಸದ್ದು ನಿಂತಾಗಲೇ ಅದು ಇಷ್ಟುಹೊತ್ತು ಇತ್ತೆಂದು ನಮಗೆ ತಿಳಿಯುವುದು. ಕರೆಂಟು ಹೋದ ಕ್ಷಣದ ಮನೆಯ ಮೌನ ಬೆಂಗಳೂರಿನವರಿಗೆಲ್ಲ ಪರಿಚಿತ, ಆ ಮೌನದಲ್ಲಿ ಹೇಳಿದ ಮಾತಿಗೆ ತೂಕವೇ ಬೇರೆ.

ಎರಡನೆಯ ಅಂಕಣ, ಅಂದರೆ ಯಾರ ಕಿವಿ ಎಂಬುದು, ನಮ್ಮ ಕಥೆಯ ಜೀವ. ಕಿವಿ ಮಂದವಾದವರ ಅನುಭವವನ್ನು ತೋರಿಸಲು ಸಾಮಾನ್ಯವಾಗಿ ಎಲ್ಲ ಶಬ್ದವನ್ನೂ ಸಣ್ಣದು ಮಾಡುತ್ತಾರೆ. ಅದು ಸರಿಯಲ್ಲ. ವಯಸ್ಸಿನಿಂದ ಬರುವ ಕಿವುಡು ಮೊದಲು ಎತ್ತರದ ಸ್ವರಗಳನ್ನು ಕಸಿದುಕೊಳ್ಳುತ್ತದೆ. ಸ, ಶ, ಚ, ತ ಮುಂತಾದ ವ್ಯಂಜನಗಳ ಮೊನೆ ಮೊಂಡಾಗುತ್ತದೆ, ಅ, ಆ, ಉ ಮುಂತಾದ ಸ್ವರಾಕ್ಷರಗಳ ಗುಂಯ್‌ಗುಡುವಿಕೆ ಉಳಿಯುತ್ತದೆ. ಹಾಗಾಗಿಯೇ ಅಜ್ಜಂದಿರು "ಕೇಳಿಸ್ತಿದೆ, ಆದರೆ ಏನಂತ ಗೊತ್ತಾಗ್ತಿಲ್ಲ" ಎನ್ನುವುದು, ಮನೆಯವರು ಕಿರುಚಿದರೆ ಸಿಟ್ಟಾಗುವುದು. ಎಡಿಟಿಂಗಿನಲ್ಲಿ ಲೋ-ಪಾಸ್ ಫಿಲ್ಟರ್ ಹಾಕಿ ಎತ್ತರದ ಸ್ವರಗಳನ್ನಷ್ಟೇ ತೆಗೆದರೆ ನೋಡುಗರು ಅಜ್ಜನ ಕಿವಿಯೊಳಗೆ ಹೋಗಿ ಕೂರುತ್ತಾರೆ. ಸೀಟಿಯ ಸ್ವರವೂ ಎತ್ತರದ್ದೇ, ಕೆಲವು ಸಾವಿರ ಹರ್ಟ್ಸಿನದು. ಜೀವಮಾನವೆಲ್ಲ ಊದಿದ ಸೀಟಿಯೇ ಈಗ ಅವರಿಗೆ ಸರಿಯಾಗಿ ಕೇಳಿಸದು ಎಂಬ ಸಂಗತಿ ಹೀಗೆ ಒಂದು ಫಿಲ್ಟರಿನ ವಿಚಾರದಿಂದ ಕಥೆಯ ನಡುಗಂಬವಾಗಿ ಬಂದು ನಿಲ್ಲುತ್ತದೆ. ತಂತ್ರವನ್ನು ಕೊನೆಗೆ ಹಚ್ಚುವ ಬಣ್ಣವೆಂದುಕೊಂಡವರಿಗೆ ಇದು ಸಿಗುವುದಿಲ್ಲ.

ಅಭ್ಯಾಸಕ್ಕೆ ಒಂದು ಸಲಹೆ. ಸಿಂಗೀತಂ ಶ್ರೀನಿವಾಸರಾವ್ ಅವರ 1987ರ ಪುಷ್ಪಕ ವಿಮಾನ ಒಂದೂ ಸಂಭಾಷಣೆಯಿಲ್ಲದ ಚಿತ್ರ, ಬೆಂಗಳೂರಿನಲ್ಲೇ ಬಹುಭಾಗ ಚಿತ್ರಿತವಾದದ್ದು. ಅದರ ಯಾವುದಾದರೂ ಹತ್ತು ನಿಮಿಷವನ್ನು ಮೊದಲು ಪರದೆ ನೋಡದೆ ಕೇಳಿ, ಕೇಳಿಸಿದ್ದನ್ನೆಲ್ಲ ಪಟ್ಟಿ ಮಾಡಿ, ಆಮೇಲೆ ನೋಡಿ. ಮಾತಿಲ್ಲದಿದ್ದರೂ ಕಥೆಯ ಎಷ್ಟು ಭಾಗ ಕಿವಿಗೇ ತಿಳಿಯಿತೆಂಬುದನ್ನು ಲೆಕ್ಕ ಹಾಕಿದರೆ ನಿಮ್ಮ ಹಾಳೆಯಲ್ಲಿ ಯಾವ ಸಂಭಾಷಣೆಗಳನ್ನು ಹೊಡೆದುಹಾಕಬಹುದು ಎಂಬ ಧೈರ್ಯ ಬರುತ್ತದೆ.

ಹಂತ 4: ಕ್ಯಾಮೆರಾ ಇಲ್ಲದೆ ಒಮ್ಮೆ ಚಿತ್ರ ಮಾಡಿ

ಇಡೀ ಕ್ರಮದಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕೆಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ನಿಮ್ಮ ಎಂಟು ನಿಮಿಷದ ಚಿತ್ರವನ್ನು ಮೊದಲು ಬಾನುಲಿ ನಾಟಕದಂತೆ ಶಬ್ದದಲ್ಲಿ ಮಾತ್ರ ಕಟ್ಟಿ. ತಂಡದವರೇ ಸಂಭಾಷಣೆ ಓದಲಿ, ಸದ್ದುಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ, ಆಡಾಸಿಟಿ ಎಂಬ ಶಬ್ದ ಸಂಕಲನದ ತಂತ್ರಾಂಶದಲ್ಲಿ ಅಥವಾ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಸಾಲಾಗಿ ಜೋಡಿಸಿ. ಎರಡು ಸಂಜೆಯ ಕೆಲಸ, ಖರ್ಚಿಲ್ಲ. ಆಮೇಲೆ ಹಂತ 2ರಲ್ಲಿ ಮಾತನಾಡಿಸಿದವರ ಪೈಕಿ ಐವರಿಗೆ, ಕಥೆ ಗೊತ್ತಿಲ್ಲದ ಐವರಿಗೆ ಕೇಳಿಸಿ. ಒಬ್ಬರಿಗೆ ಮೊಬೈಲಿನ ಸ್ಪೀಕರಿನಲ್ಲಿ, ಇನ್ನೊಬ್ಬರಿಗೆ ಓಡುವ ಬಸ್ಸಿನಲ್ಲಿ ಇಯರ್‌ಫೋನಿನಲ್ಲಿ, ಮತ್ತೊಬ್ಬರಿಗೆ ಸೆಮಿನಾರ್ ಹಾಲಿನ ಹಿಂದಿನ ಸಾಲಿನಲ್ಲಿ. ಕೇಳಿದ ಬಳಿಕ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿ. ನೀವು ನಡುವೆ ತಿದ್ದಬೇಡಿ, "ಅಲ್ಲ ಸರ್, ಅದು ಹಾಗಲ್ಲ" ಎಂದು ಬಾಯಿಬಿಟ್ಟ ಕೂಡಲೇ ಪರೀಕ್ಷೆ ಕೆಟ್ಟಿತು.

ಅವರ ಕಥೆ ನಿಮ್ಮ ಕಥೆಯಿಂದ ಎಲ್ಲಿ ಬೇರೆಯಾಯಿತೋ ಅಲ್ಲಿ ಗುರುತು ಹಾಕಿ. ಆ ಜಾಗದಲ್ಲಿ ದೃಶ್ಯ ಬಂದು ಕೆಲಸ ಮಾಡುತ್ತದೆಯೇ, ಸದ್ದನ್ನು ಬದಲಿಸಬೇಕೇ, ಅಥವಾ ಕಥೆಯೇ ಅಲ್ಲಿ ಸೊರಗಿದೆಯೇ ಎಂದು ಯೋಚಿಸಿ. ಅಜ್ಜನಿಗೆ ಸೀಟಿ ಕೇಳಿಸುತ್ತಿಲ್ಲ ಎಂಬುದು ಕೇಳುಗರಿಗೆ ತಿಳಿಯದಿದ್ದರೆ, ಒಂದೇ ಸೀಟಿಯನ್ನು ಮೊದಲು ಮೊಮ್ಮಗಳ ಕಿವಿಯಿಂದ ಸ್ಪಷ್ಟವಾಗಿ, ಮರುಕ್ಷಣ ಅಜ್ಜನ ಕಿವಿಯಿಂದ ಗಾಳಿಯ ಸುಯ್ಲಿನಂತೆ ಕೇಳಿಸಿ ನೋಡಿ. ಇಂಥ ಪ್ರಯೋಗವನ್ನು ಇಲ್ಲಿ ಹತ್ತು ಬಾರಿ ಮಾಡಬಹುದು. ಬಾಡಿಗೆ ಕ್ಯಾಮೆರಾ ಬಂದ ದಿನ ಒಂದು ಬಾರಿಯೂ ಆಗುವುದಿಲ್ಲ.

ಹಂತ 5: ಲೊಕೇಶನ್ ಅನ್ನು ಕಣ್ಣುಮುಚ್ಚಿ ನೋಡುವುದು

ಮನೆ ಚೆನ್ನಾಗಿದೆ, ಕಿಟಕಿಯಿಂದ ಬೆಳಕು ಚೆನ್ನಾಗಿ ಬರುತ್ತದೆ ಎಂದು ಒಪ್ಪಿಕೊಂಡು ಬಂದ ಜಾಗಕ್ಕೆ ಮತ್ತೊಮ್ಮೆ ಹೋಗಿ, ಚಿತ್ರೀಕರಣ ಮಾಡುವ ವಾರದ ಅದೇ ದಿನ, ಅದೇ ಹೊತ್ತಿಗೆ, ಹತ್ತು ನಿಮಿಷ ಕಣ್ಣುಮುಚ್ಚಿ ಕುಳಿತುಕೊಳ್ಳಿ. ಬೆಂಗಳೂರಿನ ಮನೆಗೆ ತನ್ನದೇ ದಿನಚರಿಯಿದೆ: ಮುಂಜಾನೆ ದೇವಸ್ಥಾನದ ಸುಪ್ರಭಾತ, ಮಸೀದಿಯ ಆಜಾನ್, ಏಳರ ಹೊತ್ತಿಗೆ ಹಾಡು ಹಾಕಿಕೊಂಡು ಬರುವ ಕಸದ ಆಟೊ, ಎಂಟಕ್ಕೆ ನೆರೆಮನೆಯ ಕುಕ್ಕರು, ಹತ್ತಕ್ಕೆ ಎದುರುಗಡೆ ಕಟ್ಟುತ್ತಿರುವ ಮನೆಯ ಟೈಲ್ಸ್ ಕೊಯ್ಯುವ ಯಂತ್ರ, ಮಧ್ಯಾಹ್ನ ಟ್ಯಾಂಕರು, ಸಂಜೆ ಬೋರ್‌ವೆಲ್ ಮೋಟರು. ಮಲ್ಲೇಶ್ವರದಲ್ಲಾದರೆ ರೈಲು, ಯಲಹಂಕ, ಜಕ್ಕೂರಿನ ಕಡೆಗಾದರೆ ವಿಮಾನ. ಮಾರ್ಚ್-ಏಪ್ರಿಲ್‌ನಲ್ಲಿ ಕೋಗಿಲೆ, ಕೇಳಲು ಇಂಪು, ಆದರೆ ಒಂದು ಶಾಟಿನಲ್ಲಿದ್ದು ಮುಂದಿನದರಲ್ಲಿ ಇಲ್ಲದಿದ್ದರೆ ಕತ್ತರಿಸಿದ ಜಾಗವನ್ನು ಅದೇ ಕೂಗಿ ಹೇಳುತ್ತದೆ.

ಧ್ವನಿವರ್ಧಕಗಳನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧಿಸುವ, ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹೇಳುವ ನಿಯಮಗಳು 2000ದಿಂದ ಜಾರಿಯಲ್ಲಿವೆ. ಅವನ್ನು ನಂಬಿ ವೇಳಾಪಟ್ಟಿ ಮಾಡಬೇಡಿ. ಗಣೇಶೋತ್ಸವದ ವಾರಗಳು, ಆರ್ಕೆಸ್ಟ್ರಾಗಳಿಂದ ತುಂಬಿದ ನವೆಂಬರ್ ತಿಂಗಳು, ಬಸವನಗುಡಿಯವರಿಗೆ ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ, ಇವನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ. ಮೊಬೈಲಿನ ಡೆಸಿಬಲ್ ಆ್ಯಪ್ ನಿಖರವಲ್ಲ, ಆದರೆ ಎರಡು ಮನೆಗಳಲ್ಲಿ ಯಾವುದು ಮೌನವಾಗಿದೆ ಎಂದು ಹೋಲಿಸಲು ಸಾಕು.

ಸಾರ್ವಜನಿಕ ಜಾಗಗಳಿಗೆ ಅನುಮತಿ ಬೇಕು. ಕಬ್ಬನ್ ಪಾರ್ಕ್, ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯ ಅಧೀನದಲ್ಲಿವೆ. ಮೆಟ್ರೊ, ಬಸ್ಸುಗಳಿಗೆ ಆಯಾ ನಿಗಮವನ್ನೇ ಕೇಳಬೇಕು. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪತ್ರ ಸಿದ್ಧವಿರಲಿ. ಬಸ್ಸು ಸಿಗಲೇ ಇಲ್ಲವೆಂದರೂ ಕಥೆ ನಿಲ್ಲಬೇಕಾಗಿಲ್ಲ: ನಿಂತಿರುವ ಯಾವುದೋ ಖಾಸಗಿ ಬಸ್ಸಿನ ಸೀಟಿನಲ್ಲಿ ಅಜ್ಜನನ್ನು ಹತ್ತಿರದಿಂದ ಚಿತ್ರಿಸಿ, ಎಂಜಿನ್ನು, ಗಾಜು, "ರೈಟ್ ರೈಟ್" ಎಲ್ಲವನ್ನೂ ಶಬ್ದದಲ್ಲಿ ಕೊಟ್ಟರೆ ಬಸ್ಸು ಓಡುತ್ತದೆ. ಹಂತ 4ರ ಶಬ್ದಚಿತ್ರ ಮಾಡಿದವರಿಗೆ ಇದರಲ್ಲಿ ಅನುಮಾನವಿರುವುದಿಲ್ಲ.

ಹಂತ 6: ಚಿತ್ರೀಕರಣದ ದಿನ

"ಆಮೇಲೆ ಡಬ್ಬಿಂಗ್ ಮಾಡಿದರಾಯ್ತು" ಎನ್ನುವವರಿಗೆ ಒಂದು ಮಾತು. ಅನುಭವಸ್ಥ ನಟರಿಗೆ ಡಬ್ಬಿಂಗ್ ಸಲೀಸು. ಮೊದಲ ಬಾರಿ ಕ್ಯಾಮೆರಾ ಎದುರು ನಿಂತ ಹಿರಿಯರೊಬ್ಬರಿಗೆ ತಮ್ಮದೇ ತುಟಿಗೆ ತಾವೇ ಮಾತು ಕೂಡಿಸುವುದು ಬಹಳ ಕಷ್ಟ, ಅಷ್ಟರಲ್ಲಿ ಪರೀಕ್ಷೆ ಮುಗಿದು ಹಾಸ್ಟೆಲಿನ ಹುಡುಗ ಊರಿಗೆ ಹೋಗಿರುತ್ತಾನೆ. ಸಾಧ್ಯವಾದಷ್ಟನ್ನು ಸ್ಥಳದಲ್ಲೇ ಹಿಡಿಯಿರಿ.

ಬೂಮ್ ಎಂಬ ಉದ್ದ ಕಡ್ಡಿಗೆ ಕಟ್ಟಿದ, ಗುರಿಯಿಟ್ಟ ದಿಕ್ಕಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಶಾಟ್‌ಗನ್ ಮೈಕು, ಒಂದೆರಡು ಕಾಲರ್ ಮೈಕು, ಒಂದು ರೆಕಾರ್ಡರು, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನು ಇಷ್ಟನ್ನು ಬಾಡಿಗೆಗೆ ತನ್ನಿ. ಅದೂ ಆಗದಿದ್ದರೆ ಎಸ್.ಪಿ. ರೋಡಿನಲ್ಲಿ ಸಿಗುವ ಸಾಧಾರಣ ಕಾಲರ್ ಮೈಕನ್ನು ಮೊಬೈಲಿಗೆ ಸಿಕ್ಕಿಸಿ, ಏರೋಪ್ಲೇನ್ ಮೋಡಿನಲ್ಲಿಟ್ಟು, ನಟರ ಜೇಬಿನಲ್ಲಿಡಿ. ಬಾಯಿಗೆ ಹತ್ತಿರವಿರುವ ಅಗ್ಗದ ಮೈಕು ದೂರವಿರುವ ದುಬಾರಿ ಮೈಕಿಗಿಂತ ಮೇಲು. ಬಯಲಿನಲ್ಲಿ ದೂರ ಅರ್ಧವಾದರೆ ಮಾತು ಸುಮಾರು 6 ಡೆಸಿಬಲ್ ಹೆಚ್ಚುತ್ತದೆ, ಸುತ್ತಲಿನ ಗದ್ದಲ ಇದ್ದಷ್ಟೇ ಇರುತ್ತದೆ. ಆದ್ದರಿಂದ ಬೂಮ್ ಹಿಡಿದವರು ಫ್ರೇಮಿನ ಅಂಚಿಗೆ ಎಷ್ಟು ಹತ್ತಿರ ಬರಬಹುದೆಂದು ಕ್ಯಾಮೆರಾದವರನ್ನು ಪ್ರತಿ ಶಾಟಿಗೂ ಕೇಳಬೇಕು. ರೆಕಾರ್ಡರನ್ನು 48 ಕಿಲೋಹರ್ಟ್ಸ್, 24 ಬಿಟ್‌ಗೆ ಹೊಂದಿಸಿ, ಮಾತಿನ ಏರು ಅದರ ಮಾಪಕದಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ. ಶೂನ್ಯವನ್ನು ದಾಟಿ ಒಡೆದ ದನಿಯನ್ನು ಸಾಮಾನ್ಯವಾಗಿ ಮತ್ತೆ ಕೂಡಿಸಲಾಗದು. ರೇಷ್ಮೆ ಸೀರೆಯ ಸೆರಗು ಕಾಲರ್ ಮೈಕಿಗೆ ಉಜ್ಜುತ್ತದೆ, ಹತ್ತಿ ಸೀರೆಯಾದರೆ ತೊಂದರೆ ಕಡಿಮೆ. ಪ್ರತಿಧ್ವನಿಸುವ ಕೋಣೆಯಲ್ಲಿ ಕ್ಯಾಮೆರಾಕ್ಕೆ ಕಾಣದ ಗೋಡೆಗೆ ಕಂಬಳಿ, ನೆಲಕ್ಕೆ ಜಮಖಾನ.

ಫ್ಯಾನ್, ಫ್ರಿಜ್, ಯುಪಿಎಸ್ ಬಂದ್ ಮಾಡಿ. ಹಿಂದೊಮ್ಮೆ ನಾನು ಶಬ್ದ ಹಿಡಿದ ಕಿರುಚಿತ್ರದಲ್ಲಿ ಫ್ರಿಜ್ಜನ್ನು ಮರೆತಿದ್ದೆವು. ಅಜ್ಜಿಯ ಪಾತ್ರದವರು ಕಣ್ಣೀರಿಟ್ಟ ಅತ್ಯುತ್ತಮ ಟೇಕಿನ ನಡುವೆ ಅದರ ಕಂಪ್ರೆಸರ್ ಚಾಲೂ ಆಯಿತು. ಸ್ಥಳದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಎಡಿಟಿಂಗಿನಲ್ಲಿ ಎರಡು ಟೇಕುಗಳನ್ನು ಕೂಡಿಸಿದಾಗ ಪ್ರತಿ ಕಟ್‌ಗೂ ಗುಂಯ್ ಎಂಬುದು ಬಂದು ಹೋಗಿ ಬಂದು ಹೋಗಿ, ಕೊನೆಗೆ ಆ ಟೇಕನ್ನೇ ಬಿಡಬೇಕಾಯಿತು. ಫ್ರಿಜ್ ಬಂದ್ ಮಾಡಿದವರು ತಮ್ಮ ಬೈಕಿನ ಕೀಲಿಯನ್ನು ಅದರೊಳಗಿಡುವ ಹಳೆಯ ಉಪಾಯ ಒಳ್ಳೆಯದು: ಕೀಲಿಗಾಗಿ ಹಿಂತಿರುಗಲೇಬೇಕು, ಆಗ ಮನೆಯವರ ಹಾಲೂ ಉಳಿಯುತ್ತದೆ.

ಪ್ರತಿ ಟೇಕಿನ ಆರಂಭದಲ್ಲಿ ದೃಶ್ಯದ ಸಂಖ್ಯೆ ಹೇಳಿ ಚಪ್ಪಾಳೆ ಹೊಡೆಯಿರಿ, ಬೇರೆಬೇರೆಯಾಗಿ ಹಿಡಿದ ದೃಶ್ಯವನ್ನೂ ಶಬ್ದವನ್ನೂ ಆಮೇಲೆ ಹೊಂದಿಸಲು ಅಷ್ಟು ಸಾಕು. ದೃಶ್ಯ ಮುಗಿದ ಕೂಡಲೇ ಯಾರೂ ಅಲುಗದೆ ಒಂದು ನಿಮಿಷ ಆ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿ. ರೂಮ್ ಟೋನ್ ಎನ್ನುವ ಈ ಮೌನವೇ ಮುಂದೆ ಕಟ್‌ಗಳ ಬಿರುಕಿಗೆ ಗಾರೆ. ವಿಮಾನ ಹಾದುಹೋಗಿ ಕೆಟ್ಟ ಸಂಭಾಷಣೆಯಿದ್ದರೆ ನಟರು ಅದೇ ಲಹರಿಯಲ್ಲಿರುವಾಗಲೇ ಕ್ಯಾಮೆರಾ ಇಲ್ಲದೆ ಮತ್ತೊಮ್ಮೆ ಹೇಳಿಸಿ ಹಿಡಿದುಕೊಳ್ಳಿ.

ಹಂತ 7: ಸದ್ದು ಮಾಡುವುದು, ಹಾಡು ಬಿಡುವುದು

ಚರ್ಮದ ಚೀಲದಲ್ಲಿ ಚಿಲ್ಲರೆ ಕುಲುಕುವುದು, ಟಿಕೆಟ್ ಹರಿಯುವುದು, ಹವಾಯಿ ಚಪ್ಪಲಿಯ ನಡಿಗೆ ಇವನ್ನು ದೃಶ್ಯ ನೋಡುತ್ತಾ ಕೋಣೆಯಲ್ಲೇ ಮಾಡಿಕೊಳ್ಳಿ. ಇಂದಿನ ಟಿಕೆಟ್ ಯಂತ್ರ ಕಾಗದ ಉಗುಳುವ ಸದ್ದನ್ನೂ ಜೊತೆಗಿಟ್ಟರೆ ಎರಡು ಕಾಲಗಳನ್ನು ಒಂದೂ ಮಾತಿಲ್ಲದೆ ಎದುರುಬದುರು ನಿಲ್ಲಿಸಬಹುದು.

ಸಂಗೀತದ ವಿಷಯದಲ್ಲಿ ವಿದ್ಯಾರ್ಥಿಗಳು ಎಡವುವುದು ಹಕ್ಕುಗಳ ಬಳಿ. ಹಳೆಯ ಚಿತ್ರಗೀತೆಯೊಂದು ಹಿನ್ನೆಲೆಯ ರೇಡಿಯೊದಲ್ಲಿ ಕೇಳಿದರೂ ಯೂಟ್ಯೂಬಿನಲ್ಲಿ ಹಕ್ಕುದಾರರು ಬಂದು ನಿಲ್ಲುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, ಸಾಹಿತ್ಯ ಕೃತಿಗೆ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ರಕ್ಷಣೆಯಿದೆ. 1975ರಲ್ಲಿ ತೀರಿಕೊಂಡ ಡಿವಿಜಿಯವರ ಪದ್ಯಗಳಿಗೆ 2035ರ ಕೊನೆಯವರೆಗೂ, 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೂ ಅನುಮತಿ ಬೇಕು. ವಚನ, ದಾಸರ ಪದಗಳ ಸಾಹಿತ್ಯಕ್ಕೆ ಈ ತಡೆಯಿಲ್ಲ, ಆದರೆ ಪ್ರಸಿದ್ಧ ಗಾಯಕರ ಧ್ವನಿಮುದ್ರಣಕ್ಕೆ ಇದೆ. ಅಜ್ಜನ ಪಾತ್ರದವರೇ ಒಂದು ಪದವನ್ನು ಗುನುಗಿದರೆ ತಕರಾರೂ ಇಲ್ಲ, ಚಿತ್ರಕ್ಕೂ ಅದೇ ಚೆಂದ.

ಹಂತ 8: ರಫ್ ಕಟ್ ತೋರಿಸುವುದು

ಎಡಿಟಿಂಗಿನ ಈ ಮೊದಲ ಒರಟು ರೂಪವನ್ನು ಹಂತ 4ರಲ್ಲಿ ಕೇಳಿದವರ ಪೈಕಿ ಐವರಿಗೆ, ಹೊಸ ಐವರಿಗೆ ತೋರಿಸಿ. ಅವರು ನೋಡುವಾಗ ನೀವು ಪರದೆ ನೋಡಬೇಡಿ, ಅವರನ್ನು ನೋಡಿ. ಮುಂದಕ್ಕೆ ಬಾಗಿದ, ಕಿವಿಯ ಹಿಂದೆ ಕೈಯಿಟ್ಟ, ಮೊಬೈಲ್ ತೆಗೆದ ನಿಮಿಷ-ಸೆಕೆಂಡುಗಳನ್ನು ಬರೆದುಕೊಳ್ಳಿ. ಕಿವಿಯ ಹಿಂದೆ ಕೈ ಹೋದ ಜಾಗದಲ್ಲೆಲ್ಲ ಸಂಗೀತವನ್ನು ತಗ್ಗಿಸಿ ನೋಡುವುದು ಮೊದಲ ಚಿಕಿತ್ಸೆ, ಮಾತನ್ನು ಏರಿಸುವುದು ಎರಡನೆಯದು. ಅಜ್ಜನ ಕಿವಿಯ ಮಂಕು ಶಬ್ದ ಬಂದಾಗ ಹೊಸಬರು ಇಯರ್‌ಫೋನ್ ಸರಿಪಡಿಸಿಕೊಂಡರೆ, ಅದನ್ನು ಅವರು ನಿಮ್ಮ ರೆಕಾರ್ಡಿಂಗಿನ ದೋಷವೆಂದು ತಿಳಿದಿದ್ದಾರೆ. ಶಬ್ದ ಮಂಕಾಗುವ ಮುನ್ನ ಅಜ್ಜನ ಮುಖವನ್ನು ಒಂದೆರಡು ಸೆಕೆಂಡು ಹೆಚ್ಚು ಹೊತ್ತು ಹಿಡಿಯಬೇಕು.

ಎರಡೂ ಸ್ಪೀಕರುಗಳ ಶಬ್ದವನ್ನು ಒಂದೇ ಚಾನೆಲಿಗೆ ಕೂಡಿಸಿ ಒಮ್ಮೆ ಕೇಳಿ, ಏಕೆಂದರೆ ಅನೇಕ ಮೊಬೈಲುಗಳೂ ಸಭಾಂಗಣಗಳೂ ಕೇಳಿಸುವುದು ಹಾಗೆಯೇ. ಯೂಟ್ಯೂಬ್, ಸರಾಸರಿ ಜೋರನ್ನು ಅಳೆಯುವ ಮಾನದಲ್ಲಿ, ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಾದದ್ದನ್ನು ತಾನೇ ತಗ್ಗಿಸುತ್ತದೆ, ಹಾಗಾಗಿ ಅಬ್ಬರಿಸಿ ಪ್ರಯೋಜನವಿಲ್ಲ. ಕಿವಿ ಮಂದವಾದವರ ಕುರಿತ ಚಿತ್ರಕ್ಕೆ ಕನ್ನಡದಲ್ಲೂ ಸಬ್‌ಟೈಟಲ್ ಇರಲಿ, "ದೂರದಲ್ಲಿ ಸೀಟಿ", "ಎಂಜಿನ್ ನಿಲ್ಲುತ್ತದೆ" ಎಂಬ ಸದ್ದಿನ ವಿವರಗಳೂ ಅದರಲ್ಲಿರಲಿ. ಮಾತು, ಸದ್ದು, ಸಂಗೀತ ಈ ಮೂರನ್ನೂ ಬೇರೆಬೇರೆ ಫೈಲುಗಳಾಗಿ ಎರಡು ಡಿಸ್ಕುಗಳಲ್ಲಿ ಇಟ್ಟುಕೊಳ್ಳಿ.

ಪ್ರದರ್ಶನದ ದಿನ ಒಂದು ಗಂಟೆ ಮೊದಲೇ ಸಭಾಂಗಣಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ, ವಾಲ್ಯೂಮಿನ ಗುರುತು ಹಾಕಿ. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆಗಳು ಶಬ್ದವನ್ನು ಹೀರುತ್ತವೆ, ಜೊತೆಗೆ ಫ್ಯಾನುಗಳೂ ತಿರುಗುತ್ತವೆ. ಖಾಲಿ ಹಾಲಿಗೆ ಹೊಂದಿಸಿದ ವಾಲ್ಯೂಮು ಆಗ ಸಾಲದು. ತಂಡದ ಒಬ್ಬರು ವಾಲ್ಯೂಮಿನ ಗುಂಡಿಯ ಬಳಿ ಇರಲಿ. ಹಂತ 2ರಲ್ಲಿ ನಿಮಗೆ ಸಮಯ ಕೊಟ್ಟ ಹಿರಿಯರನ್ನು ಕರೆದಿದ್ದರೆ ಅವರನ್ನು ಗೌರವಕ್ಕೆಂದು ಮುಂದಿನ ಸಾಲಿನ ಮೂಲೆಯ ಸೋಫಾದಲ್ಲಿ ಕೂರಿಸಬೇಡಿ. ಎರಡೂ ಸ್ಪೀಕರುಗಳಿಂದ ಸಮದೂರದಲ್ಲಿ, ನಾಲ್ಕನೆಯ ಅಥವಾ ಐದನೆಯ ಸಾಲಿನ ನಡುವೆ ಅವರಿಗೆ ಜಾಗ ಮಾಡಿಕೊಡಿ.